ಏಂಟ್, ಗೊನ್ನಾ, ಯಾಲ್: ಇಂಗ್ಲಿಷಿನ ಮೊಟಕು ಮಾತುಗಳನ್ನು ಹೆದರದೆ ಬಳಸುವುದು ಹೇಗೆ

ಇಂಗ್ಲಿಷ್ ಮಾತಿನಲ್ಲಿ ಯಾರಾದರೂ "ಆಮ್ ನಾಟ್", "ಇಸ್ ನಾಟ್" ಅನ್ನುವ ಬದಲು ಮೊಟಕಾಗಿ "ಏಂಟ್" ಅಂದರೆ ಸಾಕು, ಪಕ್ಕದಲ್ಲಿ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನೂ ಹಾಗೆ ಗಂಟಲು ಸರಿಮಾಡಿಕೊಂಡವಳೇ. ಸುಮಾರು ವರ್ಷ ಬೇರೆಯವರ ಇಂಗ್ಲಿಷ್ ಬರಹ ತಿದ್ದುವ ಕೆಲಸ ಮಾಡಿದ್ದೇನೆ. ಕೆಂಪು ಪೆನ್ನು ಕೈಯಲ್ಲಿದ್ದಾಗ ಒಂಥರಾ ಅಧಿಕಾರದ ಸುಖ ಇರುತ್ತದೆ, ಒಪ್ಪಿಕೊಂಡುಬಿಡುತ್ತೇನೆ.

ಒಂದು ದಿನ ಫೋನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ "ಕೇಳಿಸಿಕೊಳ್ತಿದ್ದೀರಾ?" ಅಂದರು. ನಾನು "ಯೆಸ್, ಐಮ್" ಅಂದೆ. ಆ ಕಡೆ ಮೌನ. ನನ್ನ ವಾಕ್ಯ ಇನ್ನೂ ಮುಗಿದಿಲ್ಲ ಅಂದುಕೊಂಡು ಅವರು ಕಾಯುತ್ತಿದ್ದರು! "ಐಮ್" ಪಕ್ಕಾ ಪಠ್ಯಪುಸ್ತಕದ ರೂಪ, ಆದರೂ ಅಲ್ಲಿ ತಪ್ಪು. "ಯೆಸ್, ಐ ಆಮ್" ಅಂತ ಪೂರ್ತಿ ಹೇಳಬೇಕಿತ್ತು. ಮಾತು ಮಾತಿಗೂ "ಏಂಟ್" ಅನ್ನುವ, ನಾವು ಮೂಗು ಮುರಿಯುವ ಜನ ಈ ತಪ್ಪನ್ನು ಒಮ್ಮೆಯೂ ಮಾಡುವುದಿಲ್ಲ. ಅವತ್ತಿನಿಂದ ನನ್ನ ಪೆನ್ನಿನ ಇಂಕು ಸ್ವಲ್ಪ ಕಡಿಮೆಯಾಯಿತು.

ಈ ಲೇಖನ ಇಂಗ್ಲಿಷ್ ಕಲಿಯುತ್ತಿರುವವರಿಗೆ, ಇಂಗ್ಲಿಷಿನಲ್ಲಿ ಬರೆಯುವವರಿಗೆ, ಮತ್ತು "ಗ್ರಾಮರ್ ಸರಿ ಇಲ್ಲ" ಅಂತ ಬೈಸಿಕೊಂಡು ಸುಸ್ತಾದವರಿಗೆ. ಇಂಗ್ಲಿಷ್ ಮಾತುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ. ಈ ರೂಪಗಳು ಹುಟ್ಟಿದ್ದೇ ಬಾಯಲ್ಲಿ, ಹಾಗಾಗಿ ಕಣ್ಣಿಗಿಂತ ಕಿವಿಗೇ ಬೇಗ ಅರ್ಥವಾಗುತ್ತವೆ.

ಹೆಜ್ಜೆ 1: ಬಾಯಿಂದ ಶುರು ಮಾಡಿ

ಶಾಲೆಯಲ್ಲಿ ಲೋಪಸಂಧಿ ಓದಿದ್ದೀರಿ ಅಲ್ವಾ? "ಊರು" ಮತ್ತು "ಅಲ್ಲಿ" ಸೇರಿ "ಊರಲ್ಲಿ" ಆಗುತ್ತದೆ, ನಡುವಿನ ಉಕಾರ ಬಿದ್ದುಹೋಗುತ್ತದೆ. ಅದಕ್ಕೆ ನಾವು ಮಾರ್ಕ್ಸ್ ಕೂಡ ತಗೊಂಡಿದ್ದೇವೆ. "ಮಾಡುತ್ತೇನೆ" ಅನ್ನುವುದು ಮಾತಿನಲ್ಲಿ "ಮಾಡ್ತೀನಿ" ಆಗುತ್ತದೆ, ಅದಕ್ಕೆ ಯಾರೂ ದಂಡ ಹಾಕುವುದಿಲ್ಲ. ಇಂಗ್ಲಿಷಿನಲ್ಲೂ ಆಗುವುದು ಇಷ್ಟೇ. ಒತ್ತು ಬೀಳದ ಸಣ್ಣ ಪದ ಪಕ್ಕದ ಪದಕ್ಕೆ ಅಂಟಿಕೊಂಡು ಸೊರಗುತ್ತದೆ.

"ಲೆಟ್ ಮಿ" ಅಂತ ಐದು ಸಲ ಬೇಗ ಬೇಗ ಹೇಳಿ ನೋಡಿ. "ಲೆಮ್ಮಿ" ಆಗಿಬಿಡುತ್ತದೆ. "ಗಿವ್ ಮಿ" ಹೇಳಿದರೆ "ಗಿಮ್ಮಿ", "ಡೋಂಟ್ ನೋ" ಹೇಳಿದರೆ "ಡನ್ನೋ". ಯಾರೂ ಕೂತು ಕಂಡುಹಿಡಿದದ್ದಲ್ಲ ಇವು. ಇನ್ನು ಕೆಲವು ಎಷ್ಟು ಹಳೆಯವು ಅಂದರೆ ಮೊಟಕಾದ ಗುರುತೇ ಉಳಿದಿಲ್ಲ. ಗಂಟೆ ಹೇಳುವಾಗಿನ "ಓಕ್ಲಾಕ್" ಮೂಲದಲ್ಲಿ "ಆಫ್ ದ ಕ್ಲಾಕ್". "ಗುಡ್‌ಬೈ" ಅಂದರೆ "ಗಾಡ್ ಬಿ ವಿತ್ ಯೀ", ದೇವರು ನಿನ್ನ ಜೊತೆಗಿರಲಿ. ಎಷ್ಟೇ ಕಟ್ಟುನಿಟ್ಟಿನ ಮೇಷ್ಟರೂ ಬೀಳ್ಕೊಡುವಾಗ ಈ ನಾಲ್ಕು ಪದಗಳ ಮುದ್ದೆಯನ್ನೇ ಹೇಳಿ ಹೋಗುತ್ತಾರೆ.

ಹೆಜ್ಜೆ 2: ಯಾವುದು ಎಲ್ಲಿ ನಿಂತಿದೆ ಅಂತ ಗುರುತಿಸಿ

ಮನಸ್ಸಿನಲ್ಲೇ ಮೂರು ಡಬ್ಬ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಎಲ್ಲರೂ ಒಪ್ಪಿರುವ "ಡೋಂಟ್", "ಇಟ್ಸ್", "ವೋಂಟ್" ತರಹದವು. ಎರಡನೆಯದರಲ್ಲಿ ಎಲ್ಲರೂ ಆಡುವ ಆದರೆ ಬರೆದಾಗ ವಿಚಿತ್ರವಾಗಿ ಕಾಣುವವು: "ಐ ವುಡ್ ಹ್ಯಾವ್" ಕುಗ್ಗಿದ "ಐಡವ್", "ಶುಡ್ ನಾಟ್ ಹ್ಯಾವ್" ಕುಗ್ಗಿದ "ಶುಡಂಟವ್". ಇವುಗಳಲ್ಲಿ ಒಂದೇ ಪದಕ್ಕೆ ಎರಡು ಅಪಾಸ್ಟ್ರಫಿ, ಅಂದರೆ ಅಕ್ಷರ ಬಿದ್ದ ಕಡೆ ಮೇಲೆ ಹಾಕುವ ಪುಟ್ಟ ಗುರುತು. ಗ್ರಾಮರ್ ಪ್ರಕಾರ ದೋಷವೇನೂ ಇಲ್ಲ, ನೋಡಲು ಮಾತ್ರ ಮುಳ್ಳಿನ ಹಾಗಿರುತ್ತವೆ. ಮೂರನೆಯ ಡಬ್ಬದಲ್ಲಿ ಜಗಳದ ಸರಕು: "ಏಂಟ್", "ಗೊನ್ನಾ" ("ಗೋಯಿಂಗ್ ಟು"), "ವಾನ್ನಾ" ("ವಾಂಟ್ ಟು"), "ಯಾಲ್" ("ಯು ಆಲ್"), "ಇನಿಟ್" ("ಇಸಂಟ್ ಇಟ್").

ಡಬ್ಬಗಳಿಗೆ ಮುಚ್ಚಳ ಇಲ್ಲ ಅನ್ನುವುದು ನೆನಪಿರಲಿ. ಲೇಖಕ ಜೊನಾಥನ್ ಸ್ವಿಫ್ಟ್ 1710ರಲ್ಲಿ ಒಂದು ಪತ್ರಿಕೆಯಲ್ಲಿ ಜನ ಪದಗಳನ್ನು ಕತ್ತರಿಸುತ್ತಿದ್ದಾರೆ ಅಂತ ಸಿಟ್ಟಾಗಿ ಬರೆದ. ಅವನಿಗೆ ಹಿಡಿಸದ ಪದಗಳಲ್ಲಿ "ಮಾಬ್" (ಗದ್ದಲದ ಗುಂಪು) ಕೂಡ ಒಂದು. ಲ್ಯಾಟಿನ್ನಿನ "ಮೊಬಿಲೆ ವಲ್ಗಸ್" ಅನ್ನುವುದರ ತುಂಡು ಅದು. ಇವತ್ತು ಅದನ್ನು ಮೊಟಕು ಪದ ಅಂತ ಯಾರು ನೆನಪಿಸಿಕೊಳ್ಳುತ್ತಾರೆ? ಮರುವರ್ಷ, 1711ರಲ್ಲಿ, ಪ್ರಬಂಧಕಾರ ಜೋಸೆಫ್ ಅಡಿಸನ್ "ಮೇಯಂಟ್" ("ಮೇ ನಾಟ್"), "ಕಾಂಟ್", "ಶಾಂಟ್" ("ಶಾಲ್ ನಾಟ್"), "ವೋಂಟ್" ಈ ನಾಲ್ಕನ್ನೂ ಹೆಸರು ಹಿಡಿದು ಬೈದ. ಭಾಷೆಯ ಇಂಪು ಕೆಡುತ್ತದೆ, ವ್ಯಂಜನಗಳೇ ತುಂಬಿಹೋಗುತ್ತವೆ ಅನ್ನುವುದು ಅವನ ದೂರು. ಆ ನಾಲ್ಕರಲ್ಲಿ "ಕಾಂಟ್", "ವೋಂಟ್" ಇವತ್ತು ಪ್ರೈಮರಿ ಶಾಲೆಯ ಪಾಠ. "ಶಾಂಟ್" ಮುದುಕಾಗಿದೆ. "ಮೇಯಂಟ್" ಬಹುಮಟ್ಟಿಗೆ ಸತ್ತೇಹೋಗಿದೆ, ಅದೂ ಅಡಿಸನ್ ಬೈದಿದ್ದಕ್ಕೆ ಸತ್ತಿದ್ದರೆ ಉಳಿದವೂ ಸಾಯಬೇಕಿತ್ತಲ್ಲ!

ಉಲ್ಟಾ ಪ್ರಯಾಣವೂ ಇದೆ. "ಇಟ್ ಇಸ್" ಅನ್ನುವುದನ್ನು ಮೊದಲು ಜಾಸ್ತಿ "ಟಿಸ್" ಅಂತಲೇ ಕುಗ್ಗಿಸುತ್ತಿದ್ದರು. ಈಗಿನ "ಇಟ್ಸ್" ಆಮೇಲೆ ಬಂದು ಅದನ್ನು ಹಿಂದೆ ಹಾಕಿತು. ಈಗ "ಟಿಸ್" ಅಂದರೆ ನಾಟಕದ ರಾಜ ಮಾತಾಡಿದ ಹಾಗಿರುತ್ತದೆ.

ಹೆಜ್ಜೆ 3: ಅವುಗಳ ಒಳಗಿನ ನಿಯಮ ಕಲಿಯಿರಿ

ನಾನು ಈ ಲೇಖನ ಬರೆಯಲು ಕೂತಿದ್ದೇ ಈ ಹೆಜ್ಜೆಗೋಸ್ಕರ. "ಗ್ರಾಮರ್ ಬೇಡ, ಹೇಗೆ ಬೇಕಾದರೂ ಮಾತಾಡಿ" ಅನ್ನುವವರಿಗೂ, "ಇವೆಲ್ಲ ಸೋಮಾರಿತನ" ಅನ್ನುವವರಿಗೂ ಗೊತ್ತಿಲ್ಲದ್ದು ಒಂದಿದೆ. ಈ ಪುಂಡ ರೂಪಗಳಿಗೆ ಪುಸ್ತಕದ ನಿಯಮಕ್ಕಿಂತ ಬಿಗಿಯಾದ ನಿಯಮಗಳಿವೆ.

"ಗೊನ್ನಾ" ತಗೊಳ್ಳಿ. "ಗೋಯಿಂಗ್ ಟು" ಕುಗ್ಗಿದ್ದು ಅಂತ ಎಲ್ಲರಿಗೂ ಗೊತ್ತು. "ಐಮ್ ಗೊನ್ನಾ ಸ್ಲೀಪ್" ಸರಿ. ಆದರೆ "ಐಮ್ ಗೊನ್ನಾ ಲಂಡನ್" ಅಂತ ಇಂಗ್ಲಿಷ್ ಮನೆಮಾತಿನ ಒಂದು ಮಗು ಕೂಡ ಹೇಳುವುದಿಲ್ಲ. ಮುಂದೆ ಕ್ರಿಯಾಪದ ಇದ್ದರೆ ಮಾತ್ರ "ಗೊನ್ನಾ", ಜಾಗದ ಹೆಸರಿದ್ದರೆ ಪೂರ್ತಿ "ಗೋಯಿಂಗ್ ಟು".

"ಹ್ಯಾವ್ ಟು" ಇನ್ನೂ ಮಜಾ. "ಮಾಡಲೇಬೇಕು" ಅನ್ನುವ ಅರ್ಥವಿದ್ದಾಗ ಅದು ಬಾಯಲ್ಲಿ "ಹ್ಯಾಫ್ಟಾ" ಆಗುತ್ತದೆ. "ದ ಮನಿ ಐ ಹ್ಯಾವ್ ಟು ಸ್ಪೆಂಡ್" ಅನ್ನುವುದಕ್ಕೆ ಎರಡು ಅರ್ಥ ಬರುತ್ತವೆ: ಖರ್ಚು ಮಾಡಲು ನನ್ನ ಹತ್ತಿರ ಇರುವ ಹಣ, ಅಥವಾ ನಾನು ಖರ್ಚು ಮಾಡಲೇಬೇಕಾದ ಹಣ. "ಹ್ಯಾಫ್ಟಾ" ಅಂದ ಕೂಡಲೇ ಮೊದಲನೆಯ ಅರ್ಥ ಹೊರಗೆ. ಸೋಮಾರಿ ಅನ್ನಿಸಿಕೊಂಡ ರೂಪವೇ ಇಲ್ಲಿ ಹೆಚ್ಚು ಸ್ಪಷ್ಟ. "ಯೂಸ್ಡ್ ಟು" ಕೂಡ ಹೀಗೆಯೇ. "ಹಿಂದೆ ಮಾಡುತ್ತಿದ್ದೆ" ಅನ್ನುವಾಗ "ಯೂಸ್ಟಾ" ಆಗುತ್ತದೆ, "ಕತ್ತರಿಸಲು ಬಳಸಿದ ಚಾಕು" ಅನ್ನುವಾಗ ಆಗುವುದಿಲ್ಲ.

"ವಾನ್ನಾ" ಭಾಷಾಶಾಸ್ತ್ರದವರ ಅಚ್ಚುಮೆಚ್ಚಿನ ಆಟಿಕೆ. "ಹೂ ಡು ಯು ವಾನ್ನಾ ಸೀ", ಯಾರನ್ನು ನೋಡಬೇಕು ನಿನಗೆ, ಇದು ಸರಿ. "ಹೂ ಡು ಯು ವಾನ್ನಾ ವಿನ್", ಯಾರು ಗೆಲ್ಲಬೇಕು ಅಂತ ನಿನಗೆ ಆಸೆ, ಇದು ಬಹಳ ಜನರ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಯಾಕೆ? ಎರಡನೆಯದರಲ್ಲಿ "ವಾಂಟ್" ಮತ್ತು "ಟು" ನಡುವೆ ಒಬ್ಬ ಗೆಲ್ಲುವವನು ಇರಬೇಕಿತ್ತು, "ಐ ವಾಂಟ್ ಹಿಮ್ ಟು ವಿನ್" ಅನ್ನುವ ಹಾಗೆ. ಪ್ರಶ್ನೆ ಕೇಳುವಾಗ ಅವನು ವಾಕ್ಯದ ತಲೆಗೆ ಹೋಗಿ ಕೂತ, ಆದರೆ ಅವನ ಖಾಲಿ ಕುರ್ಚಿ ಅಲ್ಲೇ ಇದೆ. ಕುರ್ಚಿಯ ಮೇಲೆ ಎರಡು ಪದ ಅಂಟಿಸಲು ಬಾಯಿ ಒಪ್ಪುವುದಿಲ್ಲ. ಈ ನಿಯಮವನ್ನು ಯಾರೂ ಯಾರಿಗೂ ತರಗತಿಯಲ್ಲಿ ಕೂರಿಸಿ ಕಲಿಸಿಲ್ಲ. ಹಾಂ, ಇನ್ನೊಂದು. "ಹೀ ವಾಂಟ್ಸ್ ಟು" ಅನ್ನುವುದು ಸಾಮಾನ್ಯ ಮಾತಿನಲ್ಲಿ "ಹೀ ವಾನ್ನಾ" ಆಗುವುದಿಲ್ಲ, ನಡುವಿನ "ಎಸ್" ತಡೆಯುತ್ತದೆ. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ.

ನನ್ನ "ಯೆಸ್, ಐಮ್" ಕಥೆಗೆ ಬರೋಣ. "ಆಮ್", "ಇಸ್", "ಆರ್", "ವಿಲ್" ಇವುಗಳನ್ನು ಅವುಗಳ ಮುಂದೆ ಏನಾದರೂ ಬಾಕಿ ಇದ್ದಾಗ ಮಾತ್ರ ಕುಗ್ಗಿಸಬಹುದು. ವಾಕ್ಯದ ಕೊನೆಯಲ್ಲಿ ಅಥವಾ ಮುಂದಿನ ಪದ ಬೇರೆ ಕಡೆ ಸರಿದುಹೋಗಿದ್ದರೆ ಆಗುವುದಿಲ್ಲ. ವಿಲಿಯಂ ಲೆಬೋವ್ ಅನ್ನುವ ಭಾಷಾಶಾಸ್ತ್ರಜ್ಞ 1969ರಲ್ಲಿ ಇದಕ್ಕೇ ಹೊಂದಿಕೊಂಡ ಒಂದು ಚಂದದ ವಿಷಯ ತೋರಿಸಿದರು. ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ "ಹೀ ಈಸ್ ಟೈರ್ಡ್" ಅನ್ನುವುದಕ್ಕೆ "ಹೀ ಟೈರ್ಡ್" ಅನ್ನಬಹುದು. ಮೇಲ್ನೋಟಕ್ಕೆ "ಇಸ್" ಮರೆತುಬಿಟ್ಟ ಹಾಗಿದೆ. ಆದರೆ ಪುಸ್ತಕದ ಇಂಗ್ಲಿಷಿನಲ್ಲಿ ಎಲ್ಲಿ "ಇಸ್" ಅನ್ನು ಕುಗ್ಗಿಸಬಹುದೋ ಅಲ್ಲಿ ಮಾತ್ರ ಅವರು ಅದನ್ನು ಬಿಡುತ್ತಾರೆ. ಎಲ್ಲಿ ಕುಗ್ಗಿಸಲು ಬರುವುದಿಲ್ಲವೋ ಅಲ್ಲಿ ಅವರೂ ಬಿಡುವುದಿಲ್ಲ. "ತಪ್ಪು" ಮತ್ತು "ಸರಿ" ಅಂತ ನಾವು ಹಣೆಪಟ್ಟಿ ಹಚ್ಚಿದ ಎರಡೂ ಒಂದೇ ಗೆರೆಯ ಮೇಲೆ ನಡೆಯುತ್ತಿವೆ.

ಆದರೆ "ನಾಟ್" ಕುಗ್ಗಿದ ರೂಪಕ್ಕೆ ಈ ಅಡ್ಡಿ ಇಲ್ಲ. "ನೋ, ಐ ಕಾಂಟ್" ಅಂತ ಆರಾಮಾಗಿ ಮುಗಿಸಬಹುದು. ಭಾಷಾಶಾಸ್ತ್ರಜ್ಞರಾದ ಆರ್ನಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಂ 1983ರಲ್ಲಿ ಇನ್ನೂ ಮುಂದೆ ಹೋಗಿ, ಈ ಬಾಲವನ್ನು ಮೊಟಕಾದ ಪದ ಅಂತ ನೋಡಲೇಬೇಡಿ, ಇದು ಈಗ ಒಂದು ಪ್ರತ್ಯಯ ಅಂತ ವಾದಿಸಿದರು. ಸುಲಭ ಪರೀಕ್ಷೆ ಒಂದಿದೆ. "ಕಾಂಟ್ ಯು ಸೀ" ಅಂತ ಕೇಳಬಹುದು. ಅದನ್ನು ಬಿಡಿಸಿ "ಕ್ಯಾನ್ ನಾಟ್ ಯು ಸೀ" ಅಂದರೆ ಇವತ್ತಿನ ಇಂಗ್ಲಿಷ್ ಆಗುವುದಿಲ್ಲ. ಬಿಡಿಸಲು ಬಾರದ್ದನ್ನು ಮೊಟಕು ಅಂತ ಹೇಗೆ ಕರೆಯುವುದು? ಕನ್ನಡದಲ್ಲಿ ನಾವು ವಿಭಕ್ತಿ ಪ್ರತ್ಯಯ ಹಚ್ಚುವವರು, ನಮಗೆ ಈ ವಾದ ಬೇಗ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ.

ಅಭ್ಯಾಸಕ್ಕೆ ಒಂದು ಕೆಲಸ. ಯಾವುದೇ ಸಂದರ್ಶನದ ಹತ್ತು ನಿಮಿಷದ ಆಡಿಯೋ ಹಾಕಿಕೊಳ್ಳಿ. ಒಂದೇ ರೂಪ ಆರಿಸಿ, ಉದಾಹರಣೆಗೆ "ಗೊನ್ನಾ". ಅದು ಕೇಳಿಸಿದಾಗಲೆಲ್ಲ ಮುಂದಿನ ಪದ ಬರೆದುಕೊಳ್ಳಿ. ಒಂದು ವಾರದಲ್ಲಿ ನಿಯಮ ಕಿವಿಗೆ ಇಳಿದಿರುತ್ತದೆ, ಬಾಯಿಪಾಠ ಮಾಡಬೇಕಿಲ್ಲ.

ಹೆಜ್ಜೆ 4: "ಏಂಟ್" ಜೊತೆ ರಾಜಿಯಾಗಿ

ಇಷ್ಟು ಬೈಸಿಕೊಂಡ ಪದ ಇಂಗ್ಲಿಷಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಅದರ ಜಾತಕ ನೋಡಿದರೆ ಒಳ್ಳೆಯ ಮನೆತನವೇ. "ಆಮ್ ನಾಟ್", "ಆರ್ ನಾಟ್" ಎರಡೂ ಕುಗ್ಗಿ 17ನೇ ಶತಮಾನದ ಕೊನೆಯ ಹೊತ್ತಿಗೆ "ಆನ್ಟ್" ಅನ್ನುವ ರೂಪ ಬಂದಿತ್ತು. 18ನೇ ಶತಮಾನದಲ್ಲಿ "ಏಂಟ್" ಬಂತು. ಜೊತೆಗೆ "ಇಸ್ ನಾಟ್", "ಹ್ಯಾವ್ ನಾಟ್", "ಹ್ಯಾಸ್ ನಾಟ್" ಕುಗ್ಗಿದ ರೂಪವೂ ಅದೇ ಉಚ್ಚಾರಣೆಗೆ ಬಂದು ಸೇರಿಕೊಂಡಿತು. ಹಾಗಾಗಿ ಒಂದೇ ಪದ ಐದು ಜನರ ಕೆಲಸ ಮಾಡುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಮೇಲ್ವರ್ಗದವರೂ ಇದನ್ನು ಸಲೀಸಾಗಿ ಆಡುತ್ತಿದ್ದರು. ಆಮೇಲೆ ಮರ್ಯಾದಸ್ಥರು ಕೈಬಿಟ್ಟರು, ಕೆಲಸಗಾರರ ಬಾಯಲ್ಲಿ ಉಳಿಯಿತು, ತಪ್ಪು ಅನ್ನಿಸಿಕೊಂಡಿತು.

ಕೈಬಿಟ್ಟಿದ್ದರಿಂದ ಒಂದು ತೂತು ಬಿತ್ತು. "ಯು ಆರ್" ಗೆ "ಆರಂಟ್ ಯು", "ಹೀ ಈಸ್" ಗೆ "ಇಸಂಟ್ ಹೀ". "ಐ ಆಮ್" ಗೆ ಏನು? ಸ್ಕಾಟ್ಲೆಂಡ್, ಐರ್ಲೆಂಡಿನಲ್ಲಿ "ಆಮಂಟ್ ಐ" ಅನ್ನುತ್ತಾರೆ. ತರ್ಕಕ್ಕೆ ಅದೇ ಸರಿ, ಆದರೆ ಬೇರೆ ಕಡೆ ಅದನ್ನು ಕೇಳಿದರೆ ಹುಬ್ಬೇರಿಸುತ್ತಾರೆ. ಪುಸ್ತಕದ ಇಂಗ್ಲಿಷ್ ಒಪ್ಪಿಕೊಂಡಿದ್ದು "ಆರಂಟ್ ಐ". ಯೋಚಿಸಿ ನೋಡಿ, "ಐ ಆರ್" ಅಂತ ಯಾರೂ ಹೇಳುವುದಿಲ್ಲ, ಪ್ರಶ್ನೆಗೆ ಮಾತ್ರ "ಆರಂಟ್ ಐ" ಸರಿಯಂತೆ! ದಕ್ಷಿಣ ಇಂಗ್ಲೆಂಡಿನವರು ವ್ಯಂಜನಕ್ಕೆ ಮೊದಲು ಬರುವ "ಆರ್" ಅಕ್ಷರವನ್ನು ಉಚ್ಚರಿಸುವುದಿಲ್ಲ. ಹಾಗಾಗಿ ಹಳೆಯ "ಆನ್ಟ್" ಮತ್ತು "ಆರಂಟ್" ಅವರ ಬಾಯಲ್ಲಿ ಒಂದೇ ಆಗಿ, ಬರೆಯುವಾಗ "ಆರ್" ನುಸುಳಿತು. ಅಂದರೆ "ಏಂಟ್" ಗೆ ಬೈಯುವವರು ಬಳಸುವ "ಆರಂಟ್ ಐ" ಅದರ ಅಣ್ಣನೇ, ವೇಷ ಹಾಕಿಕೊಂಡು ಒಳಗೆ ಬಂದಿದ್ದಾನೆ ಅಷ್ಟೆ.

1961ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ದೊಡ್ಡ ನಿಘಂಟಿನ ಮೂರನೆಯ ಆವೃತ್ತಿ ಬಂದಾಗ ಈ ಪದಕ್ಕೋಸ್ಕರ ಪತ್ರಿಕೆಗಳಲ್ಲಿ ಗಲಾಟೆಯೇ ಆಯಿತು. ಅಮೆರಿಕದ ಬಹುತೇಕ ಕಡೆ ಸುಸಂಸ್ಕೃತರು ಅನ್ನಿಸಿಕೊಂಡವರೂ ಮಾತಿನಲ್ಲಿ ಇದನ್ನು ಬಳಸುತ್ತಾರೆ ಅಂತ ನಿಘಂಟು ಹೇಳಿತ್ತು. ನಿಘಂಟು ಶರಣಾಯಿತು, ಭಾಷೆ ಮುಳುಗಿತು ಅಂತ ಬರೆದರು. ಅದೇ ನಮೂದಿನಲ್ಲಿ "ಬಹಳ ಜನ ಇದನ್ನು ಒಪ್ಪುವುದಿಲ್ಲ" ಅಂತಲೂ ಇತ್ತು. ಸಿಟ್ಟಿನಲ್ಲಿದ್ದವರು ಆ ಅರ್ಧ ಓದಲಿಲ್ಲ.

ನೀವು ಏನು ಮಾಡಬೇಕು? ಅರ್ಥ ಮಾಡಿಕೊಳ್ಳಿ, ಗಾದೆಯಂಥ ಸಿದ್ಧ ಮಾತುಗಳಲ್ಲಿ ಬಂದಾಗ ಹಾಗೇ ಬಿಡಿ. ನಾನಂತೂ ತಮಾಷೆಗೆ ಬಿಟ್ಟರೆ ಬಳಸುವುದಿಲ್ಲ, ನನ್ನ ಬಾಯಿಗೆ ಅದು ಕೂರುವುದಿಲ್ಲ. ಬಳಸುವುದಾದರೆ ಒಂದು ನೆನಪಿಡಿ, ಅದು "ವಿಲ್ ನಾಟ್" ಗೆ ಬದಲಾಗಿ ಬರುವುದಿಲ್ಲ. ಐದು ಕೆಲಸ ಮಾಡುತ್ತದೆ ಅಂತ ಆರನೆಯದು ಹೊರಿಸಬೇಡಿ.

ಹೆಜ್ಜೆ 5: ಬರೆಯುವಾಗ ಅಪಾಸ್ಟ್ರಫಿ ಎಲ್ಲಿಡಬೇಕು

ಅಕ್ಷರ ಬಿದ್ದ ಜಾಗದಲ್ಲಿ ಇಡಿ ಅನ್ನುವುದು ಪಾಠ. "ಯಾಲ್" ಅಂದರೆ "ಯು ಆಲ್", ನೀವೆಲ್ಲ. ಇಲ್ಲಿ "ವೈ" ಆದಮೇಲೆ ಗುರುತು ಬರಬೇಕು, "ಎ" ಆದಮೇಲೆ ಇಟ್ಟರೆ ತಪ್ಪು. ಬಹಳ ಜನ ಇಡುವುದು ತಪ್ಪು ಜಾಗದಲ್ಲೇ. "ಗೊನ್ನಾ", "ವಾನ್ನಾ", "ಡನ್ನೋ" ಇವುಗಳಿಗೆ ಗುರುತೇ ಬೇಡ.

ಆದರೆ ಪಾಠದ ನಿಯಮ ಪೂರ್ತಿ ನಡೆಯುವುದಿಲ್ಲ. "ಶಾಂಟ್" ನಲ್ಲಿ ಎರಡು ಕಡೆ ಅಕ್ಷರ ಬಿದ್ದಿವೆ, ಗುರುತು ಮಾತ್ರ ಒಂದು. ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್ ಅದಕ್ಕೇ ಹಟ ಹಿಡಿದು "ಶಾಂಟ್", "ಕಾಂಟ್", "ವೋಂಟ್" ಮೂರಕ್ಕೂ ಎರಡೆರಡು ಗುರುತು ಹಾಕಿ ಬರೆಯುತ್ತಿದ್ದ. ಯಾರೂ ಹಿಂಬಾಲಿಸಲಿಲ್ಲ. "ವೋಂಟ್" ಅಂತೂ "ವಿಲ್ ನಾಟ್" ನಿಂದ ನೇರ ಬಂದದ್ದಲ್ಲ, "ವಿಲ್" ಗೆ ಹಿಂದೆ ಇದ್ದ "ವೊಲ್" ಅನ್ನುವ ರೂಪದ ಮೊಮ್ಮಗ. ನಾಟಕಕಾರ ಬರ್ನಾರ್ಡ್ ಶಾ ಇನ್ನೊಂದು ತುದಿಗೆ ಹೋದ. "ಡೋಂಟ್", "ವೋಂಟ್", "ಏಂಟ್" ಎಲ್ಲಕ್ಕೂ ಗುರುತು ಕಿತ್ತುಹಾಕಿದ. ಈ ಚಿಹ್ನೆಗಳನ್ನು ಅಸಹ್ಯ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದ್ದ ಮನುಷ್ಯ ಅವನು. ಆದರೂ "ಹೀ ವಿಲ್" ಕುಗ್ಗಿದಂಥ ಕೆಲವು ಕಡೆ ಗುರುತು ಉಳಿಸಿಕೊಂಡ, ಯಾಕೆಂದರೆ ಅದನ್ನು ತೆಗೆದರೆ ಅಲ್ಲಿ ಉಳಿಯುವುದು "ಹೆಲ್", ನರಕ.

ಶಾ ಮಾಡಿದ್ದು ಒಳ್ಳೆಯ ಪರೀಕ್ಷೆ, ನೀವೂ ಮಾಡಿ. "ಷೀ ವಿಲ್" ಕುಗ್ಗಿಸಿ ಗುರುತು ಬಿಟ್ಟರೆ "ಷೆಲ್", ಚಿಪ್ಪು. "ಐ ವಿಲ್" ಬಿಟ್ಟರೆ "ಇಲ್", ಕಾಯಿಲೆ. "ವೀ ವಿಲ್" ಬಿಟ್ಟರೆ "ವೆಲ್", ಬಾವಿ. ಇವೆಲ್ಲ ನಿಜವಾದ ಪದಗಳೇ ಆದ್ದರಿಂದ ಕಂಪ್ಯೂಟರಿನ ಸ್ಪೆಲ್‌ಚೆಕ್ ಎಷ್ಟೋ ಸಲ ಸುಮ್ನೆ ಇರುತ್ತದೆ. ಚಾಟ್‌ನಲ್ಲಿ "ಡೋಂಟ್" ಗೆ ಗುರುತು ಬಿಟ್ಟರೆ ಆಕಾಶ ಬೀಳುವುದಿಲ್ಲ, ಈ ನಾಲ್ಕಕ್ಕೆ ಮಾತ್ರ ಹಾಕಿಬಿಡಿ.

"ಶುಡವ್" ಬಗ್ಗೆ ಎಚ್ಚರ. "ಶುಡ್ ಹ್ಯಾವ್" ಕುಗ್ಗಿದಾಗ ಕಿವಿಗೆ "ಶುಡ್ ಆಫ್" ಅಂತ ಕೇಳಿಸುತ್ತದೆ, ಹಾಗಾಗಿ ಜನ ಹಾಗೇ ಬರೆಯುತ್ತಾರೆ. ಒಂದು ಮುಖ್ಯವಾದ ಮೇಲ್‌ನಲ್ಲಿ ನಾನೇ ಹಾಗೆ ಬರೆದು ಕಳಿಸಿದ್ದೇನೆ, ತಿದ್ದುವ ಕೆಲಸ ಮಾಡಿಕೊಂಡು! ಕೇಳಿದ್ದನ್ನು ಬರೆಯುವುದು ತಪ್ಪಾದರೂ ಅರ್ಥವಾಗುವ ತಪ್ಪು. ಆದರೆ ಓದುವವರು ಇದನ್ನು ಶೈಲಿ ಅಂತ ತಗೊಳ್ಳುವುದಿಲ್ಲ, ಗೊತ್ತಿಲ್ಲದೆ ಬರೆದದ್ದು ಅಂತಲೇ ತಗೊಳ್ಳುತ್ತಾರೆ. "ಗೊನ್ನಾ" ಬರೆದವರಿಗೆ ಬೇರೆಯದು ಗೊತ್ತಿದೆ ಅಂತ ನಂಬುತ್ತಾರೆ, "ಶುಡ್ ಆಫ್" ಬರೆದವರ ಬಗ್ಗೆ ನಂಬುವುದಿಲ್ಲ. ಪುಂಡತನ ಮಾಡುವುದಿದ್ದರೆ ಗೊತ್ತಿದ್ದೇ ಮಾಡಿ.

ಸಣ್ಣದೊಂದು ಕಿರಿಕಿರಿ. "ದೆಮ್" ಬದಲು ಬರುವ "ಎಮ್", ಹಳೆಯ "ಟಿಸ್" ಇವುಗಳ ಗುರುತು ಪದದ ಮುಂಚೆಯೇ ಬರುತ್ತದೆ. ಕಂಪ್ಯೂಟರ್ ಅದನ್ನು ಉದ್ಧರಣ ಚಿಹ್ನೆಯ ಶುರು ಅಂದುಕೊಂಡು ಆರರ ಆಕಾರದಲ್ಲಿ ತಿರುಗಿಸಿಬಿಡುತ್ತದೆ. ಬೇಕಾದ್ದು ಒಂಬತ್ತರ ಆಕಾರ. ಎರಡು ಸಲ ಒತ್ತಿ ಮೊದಲಿನದನ್ನು ಅಳಿಸಿದರೆ ಸರಿಹೋಗುತ್ತದೆ.

ಹೆಜ್ಜೆ 6: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಗೆಳೆಯರ ಮೆಸೇಜು, ಕಥೆಯ ಸಂಭಾಷಣೆ, ಹಾಡು, ಭಾಷಣ, ಇಲ್ಲೆಲ್ಲ ಧಾರಾಳವಾಗಿ. ಪರೀಕ್ಷೆಯ ಪ್ರಬಂಧ, ಸಂಶೋಧನಾ ಲೇಖನ, ಕರಾರು ಪತ್ರ, ಇಲ್ಲಿ "ಡೋಂಟ್" ಕೂಡ ಬೇಡ. ಕೆಲಸದ ಮೇಲ್‌ನಲ್ಲಿ ಮೊದಲ ಡಬ್ಬದವು ಸಾಕು. ಅಲ್ಲಿ ಏನೂ ಕುಗ್ಗಿಸದೆ ಬರೆದರೆ ನೋಟಿಸ್ ಕೊಟ್ಟ ಹಾಗಿರುತ್ತದೆ.

ಒಂದು ವಿಷಯ ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ಬ್ರಿಟನ್ ಸರ್ಕಾರದ ವೆಬ್‌ಸೈಟಿನ ಬರವಣಿಗೆ ನಿಯಮಗಳು ಸರಳ ಭಾಷೆಗೆ ಹೆಸರಾದವು. ಆದರೂ "ಕಾಂಟ್", "ಡೋಂಟ್" ನಂಥ ನಿಷೇಧ ರೂಪಗಳನ್ನು ತಪ್ಪಿಸಿ ಅನ್ನುತ್ತವೆ. ಮಡಿವಂತಿಕೆ ಇದಕ್ಕೆ ಕಾರಣವಲ್ಲ. ಬಹಳ ಓದುಗರಿಗೆ ಆ ಪುಟ್ಟ ಬಾಲ ಕಣ್ಣಿಗೆ ಬೀಳುವುದಿಲ್ಲ, ಅರ್ಥ ಉಲ್ಟಾ ಆಗಿಬಿಡುತ್ತದೆ. ಹಾಗಾಗಿ ಔಷಧಿ, ವಿದ್ಯುತ್, ದುಡ್ಡು, ಸುರಕ್ಷತೆಯ ಸೂಚನೆ ಬರೆಯುವಾಗ "ಡು ನಾಟ್" ಅಂತ ಬಿಡಿಸಿ ಬರೆಯಿರಿ. ನಿಯಮ ಪಾಲಿಸಲು ನನಗೆ ಇಷ್ಟವಾಗುವ ಕಾರಣ ಇಂಥದ್ದು, ಯಾರಿಗೋ ಉಪಯೋಗ ಇರಬೇಕು.

ಒತ್ತಿ ಹೇಳುವಾಗಲೂ ಬಿಡಿಸಿ. "ಐ ಡಿಡಂಟ್ ಟೇಕ್ ಇಟ್" ಅಂದರೆ ಮಾಹಿತಿ. "ಐ ಡಿಡ್ ನಾಟ್ ಟೇಕ್ ಇಟ್" ಅಂದರೆ ಜಗಳ ಶುರುವಾಗಿದೆ. ಮತ್ತೆ "ಲೆಟ್ಸ್ ಗೋ" ಅಂದರೆ ನಡಿ ಹೋಗೋಣ, "ಲೆಟ್ ಅಸ್ ಗೋ" ಅಂತ ಬಿಡಿಸಿದರೆ ನಮ್ಮನ್ನು ಬಿಟ್ಟುಬಿಡಿ ಅಂತ ಗೋಗರೆದ ಹಾಗೂ ಕೇಳಿಸಬಹುದು.

ಹೆಜ್ಜೆ 7: ಬೇರೆಯವರ ಮಾತನ್ನು ಬಾಡಿಗೆಗೆ ತರುವ ಮುಂಚೆ

"ಯಾಲ್" ಅಮೆರಿಕದ ದಕ್ಷಿಣದ ಮಾತು. "ಇನಿಟ್" ಲಂಡನ್ನಿನದು, "ಇಸಂಟ್ ಇಟ್" ನಿಂದ ಬಂದು ಈಗ ಯಾವ ವಾಕ್ಯದ ಬಾಲಕ್ಕಾದರೂ ಅಂಟುತ್ತದೆ, ನಮ್ಮ "ಅಲ್ವಾ" ತರಹ. "ಫಿನ್ನಾ" ಅನ್ನುವುದು "ಫಿಕ್ಸಿಂಗ್ ಟು", ಇನ್ನೇನು ಮಾಡಲಿದ್ದೇನೆ ಅನ್ನುವ ಅರ್ಥ. "ಆಮಾ" ಅನ್ನುವುದು "ಐಮ್ ಗೋಯಿಂಗ್ ಟು", ಅದು "ಐ" ಜೊತೆ ಮಾತ್ರ ಬರುತ್ತದೆ. ಈ ಎರಡನ್ನೂ ಇಂಟರ್ನೆಟ್ ಎಲ್ಲರ ಬಾಯಿಗೆ ತಂದಿರುವುದು ಬಹುಮಟ್ಟಿಗೆ ಕಪ್ಪು ಅಮೆರಿಕನ್ನರ ಮಾತಿನಿಂದ. ಅದೇ ಮಾತಿಗೆ ಅವರ ಮಕ್ಕಳು ಶಾಲೆಯಲ್ಲಿ ಬೈಸಿಕೊಂಡಿದ್ದಾರೆ, ನಾವು ಅದನ್ನೇ ಸ್ಟೈಲ್ ಅಂತ ಎತ್ತಿಕೊಂಡರೆ ಸ್ವಲ್ಪ ಮುಜುಗರ ಆಗಬೇಕು. ನನ್ನ ಸಲಹೆ: ಕೇಳಿ ಅರ್ಥ ಮಾಡಿಕೊಳ್ಳಲು ಎಲ್ಲವನ್ನೂ ಕಲಿಯಿರಿ, ಆಡಲು ನಿಮ್ಮ ಸುತ್ತ ನಿಜವಾಗಿ ಆಡುವುದನ್ನು ಮಾತ್ರ.

"ಯಾಲ್" ಗೆ ಮಾತ್ರ ನನ್ನ ವಿಶೇಷ ಪ್ರೀತಿ. ಕನ್ನಡದಲ್ಲಿ "ನೀನು", "ನೀವು" ಇದೆ. ಇಂಗ್ಲಿಷ್ ತನ್ನ ಹಳೆಯ "ದೌ" ಕಳೆದುಕೊಂಡು ಒಬ್ಬರಿಗೂ ಹತ್ತು ಜನಕ್ಕೂ "ಯು" ಅಂತ ಉಳಿದುಬಿಟ್ಟಿದೆ. ಆ ಕೊರತೆ ತುಂಬಲು ಪಿಟ್ಸ್‌ಬರ್ಗಿನವರು "ಯಿನ್ಸ್" ಅಂದರು, ಐರ್ಲೆಂಡಿನಲ್ಲಿ, ಲಿವರ್‌ಪೂಲಿನಲ್ಲಿ "ಯೂಸ್" ಅಂದರು. ಗ್ರಾಮರ್ ಪುಸ್ತಕ ಕೊಡದೇ ಇದ್ದದ್ದನ್ನು ಜನ ತಾವೇ ಮಾಡಿಕೊಂಡರು.

ಹೆಜ್ಜೆ 8: ತಿದ್ದುವವರು ಬಂದಾಗ

ಜಗಳ ಬೇಡ. ಮೆಲ್ಲಗೆ ಒಂದೇ ಪ್ರಶ್ನೆ ಕೇಳಿ: ಈ ನಿಯಮ ಯಾರು ಮಾಡಿದ್ದು, ಯಾವಾಗ?

ಉತ್ತರ ಎಷ್ಟೋ ಸಲ ಸಣ್ಣದಿರುತ್ತದೆ. ವಾಕ್ಯದ ಕೊನೆಗೆ "ಟು", "ವಿತ್" ಬರಬಾರದು ಅನ್ನುವ ತಕರಾರನ್ನು 1672ರಲ್ಲಿ ಕವಿ ಜಾನ್ ಡ್ರೈಡನ್ ಎತ್ತಿದ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಮೇಲೆ. ಅದಕ್ಕೆ ಮೊದಲು ಜನ ಆರಾಮಾಗಿ ಬರೆಯುತ್ತಿದ್ದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಮೇಲೆ ಎಲ್ಲ ಆರೋಪ ಹೊರಿಸುತ್ತಾರೆ, ಪಾಪ, ಅವನು ನಿಷೇಧವನ್ನೇನೂ ಹಾಕಿರಲಿಲ್ಲ. ಮಾತಿಗೆ, ಸಲುಗೆಯ ಬರಹಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಗಂಭೀರ ಬರಹಕ್ಕೆ ಮುಂಚೆ ಇಡುವುದು ಚಂದ ಅಂದ. ಈ ರೂಢಿಯ ಕಡೆಗೆ ನಮ್ಮ ಭಾಷೆಗೆ ಬಲವಾದ ಒಲವಿದೆ ಅಂತ ಅವನು ಬರೆದ ವಾಕ್ಯವೇ "ಟು" ಅಂತ ಮುಗಿಯುತ್ತದೆ. ಬೇಕೆಂದೇ ಮಾಡಿದ್ದನೋ ಏನೋ, ನನಗಂತೂ ಅವನು ಕಣ್ಣು ಹೊಡೆದ ಹಾಗೆ ಕಾಣುತ್ತದೆ.

ಎರಡು ನಿಷೇಧ ಸೇರಿದರೆ ಒಪ್ಪಿಗೆ ಆಗುತ್ತದೆ, ಹಾಗಾಗಿ "ಏಂಟ್ ಗಾಟ್ ನಥಿಂಗ್" ಅಂದರೆ ಏನೋ ಇದೆ ಅಂತ ಅರ್ಥ, ಅನ್ನುವವರಿಗೆ ಉತ್ತರವೇ ಬೇಡ. ಅವರೂ ಅದನ್ನು "ಏನೂ ಇಲ್ಲ" ಅಂತಲೇ ಅರ್ಥ ಮಾಡಿಕೊಂಡಿರುತ್ತಾರೆ, ಇಲ್ಲದಿದ್ದರೆ ತಿದ್ದಲು ಬರುತ್ತಿರಲಿಲ್ಲ. ಗಣಿತ ಬೇರೆ, ಮಾತು ಬೇರೆ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಒಂದೇ ವಾಕ್ಯದಲ್ಲಿ ನಿಷೇಧದ ಮೇಲೆ ನಿಷೇಧ ಪೇರಿಸಿದ್ದಾನೆ, ಸ್ಪ್ಯಾನಿಷ್ ಭಾಷೆಯಲ್ಲಿ ಇವತ್ತಿಗೂ ಅದೇ ಸರಿಯಾದ ವ್ಯಾಕರಣ.

ಆದರೆ ತಿದ್ದುವವರು ನಿಮಗೆ ಸಂಬಳ ಕೊಡುವವರೋ ಮಾರ್ಕ್ಸ್ ಕೊಡುವವರೋ ಆಗಿದ್ದರೆ ಲೌತ್ ಕಥೆ ಹೇಳಬೇಡಿ. ಅವರ ಕಾಗದ, ಅವರ ನಿಯಮ. ಬದಲಾಯಿಸಿ ಕೊಡಿ.

ಇನ್ನು ಪೆನ್ನು ನಿಮ್ಮ ಕೈಯಲ್ಲೇ ಇದ್ದರೆ? ನಾನು ಈಗ ಹೀಗೆ ಮಾಡುತ್ತೇನೆ. ಮೊದಲು ವಾಕ್ಯವನ್ನು ಜೋರಾಗಿ ಓದುತ್ತೇನೆ. ಅದು ಯಾರದಾದರೂ ಆಡುಮಾತಾಗಿದ್ದರೆ "ಏಂಟ್" ಅನ್ನು ಮುಟ್ಟುವುದಿಲ್ಲ. ಆಡುಮಾತು ಅಂತ ಬರೆದು ಅದರ ಒಳನಿಯಮ ಮುರಿದಿದ್ದರೆ, ಅಂದರೆ ಪಾತ್ರವೊಂದು "ಐಮ್ ಗೊನ್ನಾ ಲಂಡನ್" ಅಂದಿದ್ದರೆ, ಆಗ ತಿದ್ದುತ್ತೇನೆ. "ಶುಡ್ ಆಫ್" ಕಂಡರೆ ಸದ್ದಿಲ್ಲದೆ ಸರಿಮಾಡಿ ಮುಂದೆ ಹೋಗುತ್ತೇನೆ, ಪಕ್ಕದಲ್ಲಿ ಟಿಪ್ಪಣಿ ಬರೆಯುವುದಿಲ್ಲ. ಅನುಮಾನ ಬಂದರೆ ಬರೆದವರನ್ನೇ ಕೇಳುತ್ತೇನೆ. ಮತ್ತೆ ನೀವು ನಿಜವಾಗಿ ಬಳಸುವ ನಾಲ್ಕೈದು ರೂಪಗಳನ್ನು ಇವತ್ತೇ ಫೋನಿನ ಡಿಕ್ಷನರಿಗೆ ಸೇರಿಸಿಬಿಡಿ, ಇಲ್ಲದಿದ್ದರೆ "ಯಾಲ್" ಬರೆದಾಗಲೆಲ್ಲ ಅದು ಇನ್ನೇನೋ ಮಾಡಿಟ್ಟಿರುತ್ತದೆ, ನೀವು ನೋಡುವಷ್ಟರಲ್ಲಿ ಮೆಸೇಜು ಹೋಗಿರುತ್ತದೆ.